ನಾನಿಲ್ಲೇ ಕುಂತೀನಿ

"ಅಕ್ಕಾರ, ನಮ್ಮ ಪ್ರಕೃತಿ ನಿಮಗ ಏನಂದ್ಲು?"

ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಹೊರಟು ಬೂಟಿನಲ್ಲಿ ಕಾಲು ತುರುಕುತ್ತಿದ್ದ ದ್ರಾಕ್ಷಾಯಿಣಿಗೆ ಇಂಡಿಯಾದ ನಂಬರಿನಿಂದ ಬಂದ ಮೊದಲ ಮಾತೇ ಇದು. ಹಲೋ ಇಲ್ಲ, ಆರಾಮಿದ್ದೀರಾ ಇಲ್ಲ. ಗದಗಿನ ಕಡೆಯ ಹೆಣ್ಣುದನಿ, ಅತ್ತು ಅತ್ತು ಒಣಗಿದ್ದು. ಯಾರೋ ತಪ್ಪಿ ಮಾಡಿದ್ದಾರೆಂದು ಫೋನ್ ಇಡಲು ಹೋದವಳು ಆ ಹೆಸರು ಕೇಳಿ ಅಲ್ಲೇ ನಿಂತಳು.

ಒಂದು ವಾರದಿಂದ ಟೊರಾಂಟೋದ ಕನ್ನಡಿಗರಲ್ಲಿ ಆ ಹೆಸರು ಗೊತ್ತಿಲ್ಲದವರಿರಲಿಲ್ಲ. ಎರಡು ಸಾವಿರದ ಹದಿನೆಂಟರ ನವೆಂಬರ್ ತಿಂಗಳು. ಹಿಂದಿನ ವಾರ ಕನ್ನಡ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ರಾಜ್ಯೋತ್ಸವದ ಫೋಟೋಗಳ ನಡುವೆ ಸುದ್ದಿ ಬಂದಿತ್ತು. ಗಜೇಂದ್ರಗಡದಿಂದ ಓದಲು ಬಂದ ಹುಡುಗಿಯಂತೆ, ಸ್ಕಾರ್ಬರೋದ ಒಂದು ಬೇಸ್‌ಮೆಂಟಿನಲ್ಲಿದ್ದಳಂತೆ, ಸೋಮವಾರ ತಾನಾಗಿಯೇ ಜೀವ ಕಳೆದುಕೊಂಡಳಂತೆ. ಎಲ್ಲರೂ ಕೈಮುಗಿದ ಚಿತ್ರ ಒತ್ತಿದರು. ದ್ರಾಕ್ಷಾಯಿಣಿಯೂ ಒತ್ತಿದಳು. ಒತ್ತಿ, ಒಗ್ಗರಣೆಗೆ ಸಾಸಿವೆ ಹಾಕಿದಳು. ಗುರುತಿಲ್ಲದವರ ಸಾವಿಗೆ ಮನುಷ್ಯರು ಕೊಡುವ ಮರ್ಯಾದೆಯೇ ಅಷ್ಟು, ಅವಳೊಬ್ಬಳನ್ನು ಬೈದು ಪ್ರಯೋಜನವಿಲ್ಲ.

"ನಾ ಅಕಿ ಅವ್ವ ಅದೀನ್ರೀ, ನೀಲವ್ವ," ಎಂದಿತು ಆ ದನಿ. "ಸಂಘದ ವೇಣುಗೋಪಾಲ ಅವರು ನಿಮ್ಮ ನಂಬರ್ ಕೊಟ್ರು. ಹೋಗೂ ಮುಂಚಿನ ಶನಿವಾರ ಅಕಿ ನಿಮ್ಮ ರೇಡಿಯೋಕ್ಕ ಫೋನ್ ಮಾಡಿದ್ಲಂತ. ಮುಕ್ಕಾಲು ತಾಸು ನಿಮ್ಮ ಕೂಡ ಮಾತಾಡಿದ್ಲಂತ. ಅಕಿ ಕೂಡ ಇದ್ದ ಹುಡುಗಿ ಹೇಳಿದ್ಲು. ನನ್ನ ಕೂಡ ಅಕಿ ಇತ್ತಿತ್ಲಾಗ ಐದು ನಿಮಿಷನೂ ಮಾತಾಡ್ತಿದ್ದಿಲ್ಲ. 'ಆರಾಮ ಅದೀನಿ ಬೇ, ಇಡ್ತೀನಿ' ಅಂತಿದ್ಲು. ನಿಮ್ಮ ಮುಂದ ಏನ್ ಹೇಳ್ಕೊಂಡ್ಲ್ರೀ? ನನಗ ಅದೊಂದು ಬೇಕು. ಬ್ಯಾರೆ ಏನೂ ಬ್ಯಾಡ."

ದ್ರಾಕ್ಷಾಯಿಣಿ ಆ ಹುಡುಗಿಯ ಜೊತೆ ಒಂದು ಅಕ್ಷರವನ್ನೂ ಆಡಿರಲಿಲ್ಲ. ಆ ಶನಿವಾರ ಬೆಳಿಗ್ಗೆ ಅವಳು ರೇಡಿಯೋ ಸ್ಟೇಷನ್ನಿನಲ್ಲಿ ಇರಲೇ ಇಲ್ಲ. ಗಂಡ ರುದ್ರಪ್ಪನ ಜೊತೆ ಪಿಕರಿಂಗಿನ ಅಂಗಡಿಯಲ್ಲಿ ಅಕ್ಕಿಯ ಚೀಲ ಆರಿಸುತ್ತಿದ್ದಳು. ಅಷ್ಟನ್ನು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮಗಳನ್ನು ಕಳೆದುಕೊಂಡ ತಾಯಿಗೆ ಇಲ್ಲ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ.

"ನೆನಪ ಮಾಡ್ಕೊಂಡು ಹೇಳ್ತೀನ್ರೀ ಯವ್ವಾ," ಎಂದುಬಿಟ್ಟಳು.

"ಮಾಡ್ಕೋರಿ, ಅವಸರಿಲ್ಲ. ಕೂಸಿನ್ನ ಇನ್ನೂ ವಿಮಾನದಾಗ ಹಾಕಿಲ್ಲಂತ. ಅಕಿ ಮನೀಗೆ ಬರಲಿ, ಮಣ್ಣು ಮಾಡ್ತೀವಿ, ಆಮ್ಯಾಲೆ ಹೇಳ್ರಿ. ಒಂದೊಂದು ಮಾತೂ ಹೇಳಬೇಕ್ರೀ ಅಕ್ಕಾರ. ಒಂದೂ ಬಿಡಬ್ಯಾಡ್ರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಎಲ್ಲರೂ ಬರೆದಿರುತ್ತೇವೆ. ಬರೆದು ಏನು ಉಪಯೋಗ? ದ್ರಾಕ್ಷಾಯಿಣಿ ಒಂದೇ ಕಾಲಿಗೆ ಬೂಟು ಹಾಕಿಕೊಂಡು ಬಾಗಿಲ ಬಳಿ ಬಹಳ ಹೊತ್ತು ಕೂತಿದ್ದಳು.

ಅವಳು ನಡೆಸುತ್ತಿದ್ದದ್ದು ಶನಿವಾರ ಬೆಳಗಿನ 'ಕನ್ನಡ ತಾಸು'. ನಾರ್ತ್ ಯಾರ್ಕಿನ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿದ್ದ ಸಮುದಾಯ ರೇಡಿಯೋ ಅದು. ತಮಿಳರಿಗೊಂದು ತಾಸು, ಸೊಮಾಲಿಯದವರಿಗೊಂದು, ಪೋರ್ಚುಗೀಸರಿಗೊಂದು. ಊರು ಬಿಟ್ಟು ಬಂದವರೆಲ್ಲ ಸರತಿಯಲ್ಲಿ ಬಂದು ತಮ್ಮ ಭಾಷೆಯಲ್ಲಿ ಮಾತಾಡಿ ಹೋಗುವ ಜಾಗ. ಮದುವೆಗೆ ಮುಂಚೆ ದ್ರಾಕ್ಷಾಯಿಣಿ ಧಾರವಾಡದ ಆಕಾಶವಾಣಿಯಲ್ಲಿ ಹಂಗಾಮಿ ಉದ್ಘೋಷಕಿಯಾಗಿದ್ದವಳು. ಈಗ ವಾರವಿಡೀ ಹಲ್ಲಿನ ಡಾಕ್ಟರ ಆಫೀಸಿನ ಮುಂದಿನ ಮೇಜಿನಲ್ಲಿ ಕೂತು ಬೇರೆಯವರ ಹಲ್ಲುನೋವಿಗೆ ಅಪಾಯಿಂಟ್‌ಮೆಂಟು ಕೊಡುತ್ತಿದ್ದಳು. ಶನಿವಾರದ ಆ ಒಂದು ತಾಸು ಮಾತ್ರ ಅವಳು ಅವಳಾಗಿರುತ್ತಿದ್ದಳು.

ಮೊದಮೊದಲು ಎಲ್ಲವೂ ನೇರ ಪ್ರಸಾರ. ಸ್ಟುಡಿಯೋದ ಫೋನಿನಲ್ಲಿ ಕೆಂಪು ದೀಪ ಮಿನುಗಿದರೆ ಯಾರೋ ಕನ್ನಡದವರು ಕಾಯುತ್ತಿದ್ದಾರೆಂದು ಅರ್ಥ. ಒಂದು ಚಳಿಗಾಲ ಮಂಜುಗಟ್ಟಿ ತಂತಿಗಳು ಹರಿದು ಅರ್ಧ ಊರಿಗೆ ಕರೆಂಟು ಹೋದಾಗ, ಯಾರ ಮನೆ ಬೆಚ್ಚಗಿದೆ, ಯಾರು ಯಾರನ್ನು ಕರೆದುಕೊಳ್ಳಬಹುದು ಎಂಬುದನ್ನೆಲ್ಲ ಜನ ಅವಳ ಬಾಯಿಂದ ಕೇಳಿಯೇ ಹಾಸಿಗೆ ಸುತ್ತಿಕೊಂಡು ಹೊರಟಿದ್ದರು. ಒಬ್ಬ ಹೊಸ ಬಾಣಂತಿ ಅಂಟಿನುಂಡಿ ತಿನ್ನಬೇಕೆನಿಸಿದೆ ಎಂದು ಗಾಳಿಯ ಮೇಲೆ ಅತ್ತದ್ದಕ್ಕೆ ಸಂಜೆಯೊಳಗೆ ಅವಳ ಮನೆಗೆ ಮೂರು ಡಬ್ಬಿ ಹೋಗಿದ್ದವು.

ಆಮೇಲೆ ಸ್ಟೇಷನ್ನಿನವರು ಕೆಲಸದವರನ್ನು ಕಡಿಮೆ ಮಾಡಿದರು, ವಾರಾಂತ್ಯ ಕಟ್ಟಡಕ್ಕೆ ಬೀಗ ಹಾಕತೊಡಗಿದರು. ಬುಧವಾರ ಸಂಜೆ ಬಂದು ರೆಕಾರ್ಡ್ ಮಾಡಿ ಹೋಗಿ, ಶನಿವಾರ ಕಂಪ್ಯೂಟರು ತಾನೇ ಹಾಕುತ್ತದೆ ಎಂದರು. ಕಾರ್ಯಕ್ರಮ ಉಳಿಯಿತಲ್ಲ ಎಂದು ದ್ರಾಕ್ಷಾಯಿಣಿ ಒಪ್ಪಿದಳು. ಆದರೆ ಕೆಂಪು ದೀಪವಿಲ್ಲದ ತಾಸು ಅವಳಿಗೆ ಉಪ್ಪಿಲ್ಲದ ಸಾರಿನಂತೆ ಸಪ್ಪೆಯೆನಿಸಿತು. ಅದಕ್ಕೆ ಉಪ್ಪು ಹಾಕಲು ಹೊರಟಳು. ಶನಿವಾರದ ಹವಾಮಾನ ಹೇಗಿರುತ್ತದೆಂದು ಮೊದಲೇ ಫೋನಿನಲ್ಲಿ ನೋಡಿಕೊಂಡು, ಬುಧವಾರವೇ ಕೂತು, "ಹೊರಗ ನೋಡ್ರಿ, ಎಷ್ಟು ಚೆಂದ ಬಿಸಲ ಬಿದ್ದೈತಿ" ಎನ್ನುವಳು. ನಾಲ್ಕು ಜನ ಪರಿಚಯದವರಿಗೆ ತಾನೇ ಫೋನ್ ಮಾಡಿ, ಅವರ ಮಾತು ಹಿಡಿದಿಟ್ಟುಕೊಂಡು, ನಡುನಡುವೆ ಕರೆ ಬಂದಂತೆ ಸೇರಿಸುವಳು. ಹಾಗೆ ಸೇರಿಸುವ ಮುಂಚೆ ಹಾಡಿಗೆ ಬಿಡುತ್ತ ಅವಳದೊಂದು ಕಟ್ಟುಮಾತು ಇರುತ್ತಿತ್ತು: "ಲೈನಿನ ಮ್ಯಾಲೆ ಯಾರೋ ಅದಾರ. ತಡೀರಿ, ಇಡಬ್ಯಾಡ್ರಿ, ಈ ಹಾಡು ಮುಗದ ಕೂಡ್ಲೇ ನಿಮ್ಮ ಕೂಡನ ಮಾತಾಡ್ತೀನಿ. ಎಲ್ಲಾರೂ ಫೋನ್ ಮಾಡ್ರಿ, ನಾನಿಲ್ಲೇ ಕುಂತೀನಿ." ಅದರ ಬೆನ್ನಿಗೇ ಸ್ಟೇಷನ್ನಿನ ನಂಬರು.

ಸಂಘದವರಿಗೆಲ್ಲ ಇದು ಗೊತ್ತಿತ್ತು. ಅವರಿಗೆ ಅದೊಂದು ತಮಾಷೆ. ಶನಿವಾರ ತಮ್ಮದೇ ದನಿ ಕೇಳಿ ಹಿಗ್ಗುವರು, "ಈ ಸಲ ನನ್ನನ್ನ ಕಾಲರ್ ಮಾಡ್ರಿ" ಎಂದು ದುಂಬಾಲು ಬೀಳುವರು. ನಿಜಕ್ಕೂ ಏನಾದರೂ ಹೇಳಬೇಕಿದ್ದವರು ಅವಳ ಮೊಬೈಲಿಗೇ ಮಾಡುತ್ತಿದ್ದರು. ಗೊತ್ತಿಲ್ಲದವರು ಯಾರಾದರೂ ಆ ನಂಬರಿಗೆ ಮಾಡಿದರೆ ಏನಾಗುತ್ತದೆ ಎಂದು ಯಾರೂ ಯೋಚಿಸಲಿಲ್ಲ. ಹೊಸ ಹುಡುಗರು ರೇಡಿಯೋ ಎಲ್ಲಿ ಕೇಳುತ್ತಾರೆ ಎಂಬುದು ಎಲ್ಲರ ಎಣಿಕೆಯಾಗಿತ್ತು.

ಆ ಮಂಗಳವಾರ ಸಂಜೆ ಅವಳು ಸಂಘದವರಿಂದ ವಿಳಾಸ ಪಡೆದು ಆಫೀಸಿನಿಂದ ನೇರ ಸ್ಕಾರ್ಬರೋಗೆ ಹೋದಳು. ಎಲ್ಲೋ ಏನೋ ತಪ್ಪು ತಿಳಿವಳಿಕೆಯಾಗಿದೆ, ಹುಡುಗಿಯ ಜೊತೆಗಿದ್ದ ಗೆಳತಿಯನ್ನು ಕೇಳಿದರೆ ಬಗೆಹರಿಯುತ್ತದೆ ಎಂದುಕೊಂಡಿದ್ದಳು. ಮನೆಯ ಪಕ್ಕದ ಸಣ್ಣ ಬಾಗಿಲು, ಕೆಳಗಿಳಿಯುವ ಇಕ್ಕಟ್ಟು ಮೆಟ್ಟಿಲು. ಅಪೂರ್ವ ಎಂಬ ಬೆಂಗಳೂರಿನ ಹುಡುಗಿ ಕಾಫಿ ಅಂಗಡಿಯ ಟೋಪಿ ಹಾಕಿಕೊಂಡು ಶಿಫ್ಟಿಗೆ ಹೊರಟು ನಿಂತಿದ್ದಳು. ಕೋಣೆಯಲ್ಲಿ ಎರಡು ಹಾಸಿಗೆ, ಒಂದರ ಮೇಲೆ ಹೊದಿಕೆ ಮಡಚಿಟ್ಟಿತ್ತು.

ದ್ರಾಕ್ಷಾಯಿಣಿ ಬಾಯಿ ತೆರೆದದ್ದೇ ತಡ, ಹುಡುಗಿ ಬೆಚ್ಚಿದಳು. "ನೀವೇನಾ ಆಂಟಿ, ರೇಡಿಯೋದವ್ರು? ವಾಯ್ಸ್ ಸೇಮ್ ಇದೆ."

"ಹೌದವ್ವ. ಅಕಿ ನನ್ನ ಕೂಡ ಮಾತಾಡಿದ್ದನ್ನ ನೀ ಕಣ್ಣಾರೆ ನೋಡಿದಿ?"

"ನೋಡ್ದೆ ಆಂಟಿ. ನಾನು ನೈಟ್ ಶಿಫ್ಟ್ ಮುಗಿಸ್ಕೊಂಡು ಬಂದು ಮಲ್ಗಿದ್ದೆ. ಅವ್ಳು ಆ ಸ್ಟೆಪ್ಸ್ ಮೇಲೆ ಕೂತಿದ್ಲು, ಅಲ್ಲೊಂದೇ ಕಡೆ ಸಿಗ್ನಲ್ ಬರೋದು. ಫೋನಿಂದ ನಿಮ್ಮ ವಾಯ್ಸ್ ಕೇಳ್ತಾ ಇತ್ತು. ಮೋಸ್ಟ್ಲಿ ನೀವೇ ಮಾತಾಡ್ತಿದ್ರಿ. ಗುಡ್, ಯಾರೋ ದೊಡ್ಡೋರು ಬುದ್ಧಿ ಹೇಳ್ತಿದಾರೆ ಅನ್ಕೊಂಡು ನಾನು ಮುಸುಕು ಹಾಕ್ಕೊಂಡೆ."

ದ್ರಾಕ್ಷಾಯಿಣಿ, ತನಗೇ ಮರೆವು ಬಂದಿದೆಯೇ, ಅಕ್ಕಿ ಅಂಗಡಿಯಲ್ಲಿ ನಿಂತು ಯಾರ ಜೊತೆಗಾದರೂ ಮಾತಾಡಿದ್ದು ಅಳಿಸಿಹೋಗಿದೆಯೇ ಎಂದು ಒಂದು ಕ್ಷಣ ನಿಜವಾಗಿಯೂ ಹೆದರಿದಳು.

"ಅಕಿಗೆ ನನ್ನ ಕಾರ್ಯಕ್ರಮ ಹೆಂಗ ಗೊತ್ತಾತು?"

"ಅವ್ಳು ಪಾರ್ಟ್ ಟೈಮ್ ಕೆಲ್ಸ ಮಾಡ್ತಿದ್ದ ವೇರ್‌ಹೌಸಿಗೆ ಕರ್ಕೊಂಡು ಹೋಗೋ ವ್ಯಾನಲ್ಲಿ. ಡ್ರೈವರ್ ಅಂಕಲ್ ತಮಿಳು ಪ್ರೋಗ್ರಾಂ ಹಾಕ್ತಿದ್ರಂತೆ, ಅದಾದ್ಮೇಲೆ ನಿಮ್ದು ಬರತ್ತಲ್ಲ. ಫಸ್ಟ್ ಟೈಮ್ ಕೇಳಿದ ದಿನ ಬಂದು ಕುಣಿದಾಡ್ಬಿಟ್ಲು. 'ನಮ್ಮ ಕಡೆ ಮಾತಾಡೋ ಅಕ್ಕಾರು ಇಲ್ಲಿ ಅದಾರ' ಅಂತ. ನನ್ನ ಜೊತೆ ಕನ್ನಡ ಮಾತಾಡ್ತಿದ್ಲು, ಬಟ್ ಅವ್ಳು ಅನ್ನೋದು ನಂಗೆ ಅರ್ಧ ಅರ್ಥ ಆಗ್ತಿರ್ಲಿಲ್ಲ. ನಾನು ನಕ್ಕುಬಿಡ್ತಿದ್ದೆ. ಅವ್ಳಿಗೆ ಎರಡು ಸಬ್ಜೆಕ್ಟ್ ಫೇಲಾಗಿತ್ತು, ಮನೇಲಿ ಹೇಳಿರ್ಲಿಲ್ಲ. ನನಗೂ ಆಮೇಲೇ ಗೊತ್ತಾಗಿದ್ದು."

"ಫೋನಿನ್ಯಾಗ ಅಕಿ ಏನಂದ್ಲು ಅನ್ನೋದು ಒಂದಾದ್ರೂ ನೆನಪೈತಾ?"

ಅಪೂರ್ವ ಟೋಪಿ ತೆಗೆದು ಕೈಯಲ್ಲಿ ಹಿಡಿದಳು. "ಒಂದೇ ಒಂದು. 'ಆತ್ರೀ ಅಕ್ಕಾರ, ತಡೀತೀನಿ' ಅಂದ್ಲು. ನಗ್ತಾ ಅಂದ್ಲು ಆಂಟಿ. ಅವ್ಳು ನಕ್ಕು ತುಂಬ ದಿನ ಆಗಿತ್ತು, ಅದಕ್ಕೇ ನೆನಪಿದೆ. ಆಮೇಲೆ ಯಾವಾಗ ಫೋನ್ ಇಟ್ಲೋ ನೋಡ್ಲಿಲ್ಲ, ಮುಕ್ಕಾಲು ಗಂಟೆ ಅಂತ ಅವ್ಳ ಕಾಲ್ ಲಾಗಲ್ಲಿತ್ತು. ನಾನು ಎದ್ದಾಗ ಅಲ್ಲೇ ಕೂತಿದ್ಲು. ಏನಂದ್ರು ಅಂತ ಕೇಳಿದೆ. 'ಅಕ್ಕಾರಿಗೆ ಇವತ್ತ ಭಾಳ ಮಂದಿ' ಅಂದ್ಲು, ಅಷ್ಟೇ."

ಬುಧವಾರ ಸಂಜೆ ಸ್ಟುಡಿಯೋದಲ್ಲಿ ಡೆರಿಕ್ ಇದ್ದ. ಯಂತ್ರಗಳನ್ನು ನೋಡಿಕೊಳ್ಳುವ, ಎಲ್ಲರ ಭಾಷೆಯಲ್ಲೂ ನಮಸ್ಕಾರ ಕಲಿತಿದ್ದ ಒಳ್ಳೆಯ ಮನುಷ್ಯ. ಶನಿವಾರ ಸ್ಟೇಷನ್ನಿನ ನಂಬರಿಗೆ ಫೋನ್ ಮಾಡಿದರೆ ಏನಾಗುತ್ತದೆ ಎಂದು ಅವಳು ಕೇಳಿದಳು. ಏನಾಗುತ್ತದೆ, ಯಾರೂ ಇರುವುದಿಲ್ಲವಲ್ಲ, ಯಂತ್ರ ಎತ್ತುತ್ತದೆ, ದಯವಿಟ್ಟು ಕಾಯಿರಿ ಎನ್ನುತ್ತದೆ ಎಂದ. ಕಾದರೆ? ಕಾಯುತ್ತಲೇ ಇರುತ್ತಾರೆ, ಬೇಸರವಾದಾಗ ಇಡುತ್ತಾರೆ ಎಂದ. ಅವಳು ಬಿಡದೆ ನೋಡುತ್ತ ನಿಂತದ್ದರಿಂದ ತನ್ನ ಮೊಬೈಲು ತೆಗೆದು ಆ ನಂಬರು ಒತ್ತಿ, ದನಿ ದೊಡ್ಡದು ಮಾಡಿ ಮೇಜಿನ ಮೇಲಿಟ್ಟ.

ಇಂಗ್ಲಿಷಿನ ಹೆಂಗಸಿನ ದನಿ ಕಾಯಲು ಹೇಳಿ ಮರೆಯಾಯಿತು. ಅದರ ಹಿಂದೆಯೇ ಪೋರ್ಚುಗೀಸ್ ಗಂಡಸೊಬ್ಬನ ಉತ್ಸಾಹದ ಮಾತು ತೇಲಿಬಂತು. ಪಕ್ಕದ ಗೋಡೆಯ ಸ್ಪೀಕರಿನಲ್ಲಿ ಆ ಹೊತ್ತಿಗೆ ಪ್ರಸಾರವಾಗುತ್ತಿದ್ದುದೂ ಅದೇ ಮಾತು.

"ಕಾಯುವವರಿಗೆ ಅಂತ ಬೇರೆ ಸಂಗೀತ ಯಾಕೆ?" ಎಂದ ಡೆರಿಕ್ ಇಂಗ್ಲಿಷಿನಲ್ಲಿ. "ಗಾಳಿಯಲ್ಲಿ ಹೋಗುತ್ತಿರೋದನ್ನೇ ಲೈನಿಗೂ ಕೊಟ್ಟಿದ್ದೇವೆ. ಪ್ರೋಗ್ರಾಂ ಕೇಳ್ತಾ ಕಾಯಲಿ ಅಂತ."

ದ್ರಾಕ್ಷಾಯಿಣಿ ಕುರ್ಚಿ ಹಿಡಿದುಕೊಂಡು ಕೂತಳು.

ಈಗ ಎಲ್ಲವೂ ಬಿಚ್ಚಿಕೊಂಡಿತು. ಬಿಚ್ಚಿಕೊಳ್ಳದೇ ಇದ್ದಿದ್ದರೆ ಚೆನ್ನಾಗಿತ್ತು. ಹುಡುಗಿ ಮೆಟ್ಟಿಲ ಮೇಲೆ ಕೂತು ನಂಬರು ಒತ್ತಿದ್ದಾಳೆ. ಯಾರೋ ಕಾಯಲು ಹೇಳಿದ್ದಾರೆ. ಆಮೇಲೆ ಫೋನಿನಲ್ಲಿ ಅಕ್ಕಾರ ದನಿಯೇ ಬಂದಿದೆ, ಲೈನಿನ ಮ್ಯಾಲೆ ಯಾರೋ ಅದಾರ, ತಡೀರಿ, ಇಡಬ್ಯಾಡ್ರಿ ಅಂದಿದೆ. ತನಗೇ ಅಂದದ್ದೆಂದು ತಿಳಿದ ಹುಡುಗಿ ನಗುತ್ತ 'ಆತ್ರೀ ಅಕ್ಕಾರ' ಅಂದಿದ್ದಾಳೆ. ಹಾಡು ಮುಗಿದಿದೆ. ಮಾತಾಡಿದವರು ಬೇರೆ ಯಾರೋ. ಹೋಗಲಿ, ತನಗಿಂತ ಮೊದಲು ಕಾದವರಿರಬೇಕು, ಮುಂದಿನದು ತನ್ನ ಸರದಿ ಎಂದುಕೊಂಡಿದ್ದಾಳೆ. ಮತ್ತೆ 'ತಡೀರಿ', ಮತ್ತೆ ಹಾಡು, ಮತ್ತೆ ಇನ್ನೊಬ್ಬರು. ತಡೆದಿದ್ದಾಳೆ ಕೂಸು, ತಾಸು ಮುಗಿಯುವ ತನಕ ತಡೆದಿದ್ದಾಳೆ. ಕೊನೆಗೆ ಅದೇ ದನಿ, ಫೋನ್ ಮಾಡಿದ ಎಲ್ಲರಿಗೂ ಶರಣು ಅಂದು ಎದ್ದುಹೋಗಿದೆ.

ಡೆರಿಕ್ ನೀರು ತಂದುಕೊಟ್ಟ. ಅವಳು ಮೈಕಿನ ಮುಂದೆ ಕೂತಳು, ಕೂಡಲಾಗದೆ ಎದ್ದಳು. ಈ ಶನಿವಾರ ಒಂದು ದಿನ ಬಾಗಿಲು ತೆಗೆಯಿರಿ, ನೇರವಾಗಿ ಮಾತಾಡಬೇಕು, ಫೋನುಗಳನ್ನು ನಾನೇ ಎತ್ತುತ್ತೇನೆ ಎಂದು ಮ್ಯಾನೇಜರನ್ನು ಕೇಳಿಕೊಂಡಳು. ವಿಮೆಯವರು ಒಪ್ಪುವುದಿಲ್ಲ ಎಂದು ಅವರು ವಿನಯದಿಂದಲೇ ಹೇಳಿದರು. ಹಾಗಾದರೆ ಈ ವಾರ ನನ್ನ ದನಿ ಹಾಕಬೇಡಿ, ಹಳೆಯದನ್ನೂ ಹಾಕಬೇಡಿ ಎಂದು ಹೇಳಿ ಮನೆಗೆ ಬಂದಳು.

ರುದ್ರಪ್ಪ ಎಲ್ಲವನ್ನೂ ಕೇಳಿದ. ಅಣುಸ್ಥಾವರದಲ್ಲಿ ವೆಲ್ಡಿಂಗ್ ಪರೀಕ್ಷೆ ಮಾಡುವ ಮನುಷ್ಯ, ಬಿರುಕು ಎಲ್ಲಿದೆ ಎಂದು ಹುಡುಕುವುದೇ ಉದ್ಯೋಗ. ಆದರೂ ಹೆಂಡತಿಗೆ, "ನೀ ಏನ್ ಮಾಡೀದಿ ಅದಕ್ಕ? ಆ ಫೋನ್ ಹಂಗ ಜೋಡಿಸಿದಾಂವ ಆ ಡೆರಿಕ್," ಎಂದ.

"ಫೋನ್ ಅಂವ ಜೋಡಿಸ್ಯಾನ. ತಡೀರಿ ಅಂದಾಕಿ ನಾನು," ಎಂದಳು ದ್ರಾಕ್ಷಾಯಿಣಿ. ಅವನು ತಟ್ಟೆ ತೊಳೆಯಲು ಹೋದ.

ಶುಕ್ರವಾರ ವೇಣುಗೋಪಾಲನ ಫೋನು ಬಂತು. ಮೈಸೂರಿನವನು, ಸ್ಟೌಫ್‌ವಿಲ್‌ನಲ್ಲಿ ಮನೆ, ಸಂಘದ ಕಾರ್ಯದರ್ಶಿ. ಹುಡುಗಿಯ ಶವ ಊರಿಗೆ ಕಳಿಸಲು ಆ ಹತ್ತು ದಿನ ಆಸ್ಪತ್ರೆ, ಕಾನ್ಸುಲೇಟು ಎಂದು ಓಡಾಡಿ ಬಸವಳಿದಿದ್ದ. ಅದರಲ್ಲಿ ಸುಳ್ಳಿಲ್ಲ, ಸಂಘ ಎಂದರೆ ಊಟ ಮತ್ತು ಫೋಟೋ ಎಂದು ಆಡಿಕೊಳ್ಳುವವರ ಬಾಯಿ ಆತ ಮುಚ್ಚಿಸಿದ್ದ.

"ಎಲ್ಲ ಮುಗೀತು ಮೇಡಂ, ನಿನ್ನೆ ಊರಲ್ಲಿ ಕಾರ್ಯ ಆಯ್ತಂತೆ. ಆ ತಾಯಿ ನನಗೆ ಮತ್ತೆ ಫೋನ್ ಮಾಡಿದ್ರು. ರೇಡಿಯೋ ಅಕ್ಕ ಯಾವಾಗ ಮಾತಾಡ್ತಾರೆ ಅಂತಾನೇ ಕೇಳ್ತಾರೆ. ಒಂದು ಫೋನ್ ಮಾಡ್ಬಿಡಿ ಪ್ಲೀಸ್."

ಅವಳು ನಡೆದದ್ದನ್ನೆಲ್ಲ ಹೇಳಿದಳು.

"ಆ ಶನಿವಾರ... ರಾಜ್ಯೋತ್ಸವದ ಸ್ಪೆಷಲ್ ಅಲ್ವಾ ಮೇಡಂ? ಮೊದಲನೇ ಕಾಲರ್ ನಾನೇ ಅಲ್ವಾ?"

"ಹೌದ್ರೀ."

"ನಾಟಕದ ಟಿಕೆಟ್ ಬಗ್ಗೆ ಮಾತಾಡಿದ್ದೆ. ಜೋಕ್ ಬೇರೆ ಹೊಡ್ದಿದ್ದೆ." ಅವನು ಗಂಟಲು ಸರಿಮಾಡಿಕೊಂಡ. "ನೋಡಿ, ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಒಂದು ಸುಳ್ಳು ಹೇಳಿ ಒಬ್ಬ ತಾಯಿನ ಉಳಿಸೋಕಾಗಲ್ವಾ? ಮಾತಾಡಿದ್ಲು, ನಿಮ್ಮನ್ನ ನೆನೆಸ್ಕೊಂಡ್ಲು ಅನ್ನಿ. ಯಾರಿಗೇನು ನಷ್ಟ? ಈ ಹೋಲ್ಡು ಗೀಲ್ಡು ಎಲ್ಲ ಹೇಳಿದ್ರೆ ಅವರ ಎದೆ ಒಡೆದುಹೋಗತ್ತೆ. ನನ್ನ ಮಾತು ಕೇಳಿ."

ಅವಳು ಕೇಳಲಿಲ್ಲ, ಅಥವಾ ಕೇಳಬಾರದು ಎಂದು ನಿಶ್ಚಯಿಸಿದಳು. ಮಗಳಿಗೆ ಮುಕ್ಕಾಲು ತಾಸು ಸುಳ್ಳು ಕೇಳಿಸಿದ್ದು ಸಾಕು, ತಾಯಿಗಾದರೂ ನಿಜ ಹೇಳಬೇಕು. ಬೈದರೆ ಬೈಯಲಿ, ಶಾಪ ಹಾಕಿದರೆ ಹಾಕಲಿ. ಹೇಗೆ ಶುರು ಮಾಡಬೇಕು, ಯಾವ ಮಾತು ಮೊದಲು ಹೇಳಬೇಕು ಎಂದು ಬಚ್ಚಲಲ್ಲಿ, ಅಡುಗೆಮನೆಯಲ್ಲಿ, ಕಾರಿನಲ್ಲಿ ಬಾಯಿಪಾಠ ಮಾಡಿದಳು. ನೀಲವ್ವಾರ, ನಿಮ್ಮ ಮಗಳು ಫೋನ್ ಮಾಡಿದ್ದು ಖರೇ. ಆದರ ಆ ಕಡೆ ನಾ ಇರಲಿಲ್ಲ. ಎರಡೇ ಎರಡು ವಾಕ್ಯ. ಜೀವಮಾನದಲ್ಲಿ ಎಷ್ಟೋ ಓದಿದ ನಾಲಿಗೆಗೆ ಇದೇನು ಭಾರ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡಳು.

ಶನಿವಾರ ಬೆಳಿಗ್ಗೆ, ಊರಲ್ಲಿ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಅವಳು ಫೋನ್ ಮಾಡಿದಳು. ರುದ್ರಪ್ಪ ಎದುರಿನ ಕುರ್ಚಿಯಲ್ಲಿ ಕೂತ. ಮೊದಲ ಗಂಟೆಗೇ ನೀಲವ್ವ ಎತ್ತಿದಳು.

"ಬಂತು ನೋಡ್ರಿ ನಿಮ್ಮ ಫೋನು. ಬರ್ತೈತಿ ಅಂತ ಗೊತ್ತಿತ್ತು ನನಗ." ಹಿಂದೆ ಬಹಳ ಹೆಂಗಸರ ಮಾತು ಕೇಳುತ್ತಿತ್ತು. "ಸುಮ್ಕಿರ್ರೇ, ಕೆನಡಾದ ಅಕ್ಕಾರು," ಎಂದು ಅವರನ್ನು ಗದರಿದಳು. ಸದ್ದು ನಿಂತಿತು. ಒಂದು ಮನೆಯ ತುಂಬ ಜನ ಉಸಿರು ಹಿಡಿದು ಕೂತದ್ದು ದ್ರಾಕ್ಷಾಯಿಣಿಗೆ ಇಲ್ಲಿಂದಲೇ ತಿಳಿಯಿತು.

"ನೀಲವ್ವಾರ, ನಿಮ್ಮ ಮಗಳು ಫೋನ್ ಮಾಡಿದ್ದು ಖರೇ..."

"ಖರೇ ಐತ್ರೀ, ಅದು ಖರೇನ ಐತಿ," ನೀಲವ್ವ ನಡುವೆಯೇ ಬಾಯಿ ಹಾಕಿದಳು. "ಇಲ್ಲಿ ಮಂದಿ ಏನೇನೋ ಅಂದ್ರು. ಪರದೇಶದಾಗ ಒಂಟಿ ಇಟ್ರು, ಕೇಳೋರಿಲ್ಲ ಹೇಳೋರಿಲ್ಲ, ಅದಕ್ಕ ಕೂಸು ಹಂಗ ಮಾಡ್ಕೊಂತು ಅಂತ. ಮಣ್ಣ ಮಾಡೂ ಮುಂದ ನಮ್ಮ ಮೈದುನ ಎಲ್ಲರ ಎದುರಿಗೆ ಅಂದ. ನಾ ಅಂದೆ, ಒಂಟಿ ಇದ್ದಿಲ್ಲ ನನ್ನ ಮಗಳು. ಅಕ್ಕಾರೊಬ್ಬರು ಇದ್ರು ಅಲ್ಲಿ. ತಾಯಿ ಹಂಗ ಕುಂತು ಅಕಿ ಮಾತು ಕೇಳ್ಯಾರ. ಅದೊಂದ ಹಿಡ್ಕೊಂಡು ಅದೀನ್ರೀ ನಾ. ಹೇಳ್ರಿ ಈಗ. ಎಲ್ಲಾರೂ ಕೇಳ್ಲಿ."

ಬಾಯಿಪಾಠ ಮಾಡಿದ ಎರಡನೆಯ ವಾಕ್ಯವನ್ನು ದ್ರಾಕ್ಷಾಯಿಣಿ ಹೇಳಲಿಲ್ಲ. ರುದ್ರಪ್ಪನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ.

"ನಿಮ್ಮನ್ನ ಭಾಳ ನೆನಸಿದ್ಲು," ಎಂದಳು.

ಅಷ್ಟು ಹೊರಬಿದ್ದದ್ದೇ ತಡ, ಉಳಿದದ್ದು ತಾನೇ ಬಂತು. ಬಾರದೆ ಏನು, ಇಲ್ಲದ್ದನ್ನು ಇದ್ದಂತೆ ಮಾತಾಡುವುದೇ ಅವಳ ಕಸುಬಾಗಿತ್ತಲ್ಲ. ಅವ್ವ ಬಡಿಯೋ ರೊಟ್ಟಿ ಸಪ್ಪಳ ಕಿವಿಯೊಳಗ ಐತಿ ಅಂದ್ಲು. ಶೇಂಗಾ ಹಿಂಡಿ ತೀರೇತಿ ಅಂದ್ಲು. ಚಳಿ ಭಾಳ ಅಂದ್ಲು, ಅವ್ವನ ಕೌದಿ ತರಬೇಕಿತ್ತು ಅಂದ್ಲು. ಒಂದೊಂದಕ್ಕೂ ಆ ಕಡೆ ನೀಲವ್ವ ಅಳುತ್ತ, ನಗುತ್ತ, "ಹೌದ್ರೀ, ಹೌದೌದು, ಆ ಕೌದಿ ಇಲ್ಲೇ ಉಳೀತು" ಎನ್ನುತ್ತಿದ್ದಳು. ಹಿಂದಿನ ಹೆಂಗಸರೂ ಅಳತೊಡಗಿದರು. ಕೌದಿ ಇಲ್ಲದ ಮನೆ ಆ ಸೀಮೆಯಲ್ಲಿ ಯಾವುದಿದೆ? ಆದರೂ ಅದು ಸರಿಯಾಗಿ ತಾಗಿದ್ದಕ್ಕೆ ದ್ರಾಕ್ಷಾಯಿಣಿಯ ಎದೆ ಒಂದು ಗಳಿಗೆ ಹಗುರವಾಯಿತು. ವೇಣುಗೋಪಾಲ ಹೇಳಿದ್ದು ಸರಿಯೇ ಇರಬಹುದು ಎಂದೂ ಅನಿಸಿತು.

"ನಗ್ತಾ ಮಾತಾಡಿದ್ಲ್ರೀ," ಎಂದಳು. ಅದೊಂದು ನಿಜವಾಗಿತ್ತು. "ನಗ್ತಾನೇ ಇಟ್ಲು."

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡಿರಬೇಕು. ಮತ್ತೆ ಮಾತಾಡಿದಾಗ ಅವಳ ದನಿಯಲ್ಲಿ ಅಳು ಇರಲಿಲ್ಲ.

"ಮುಕ್ಕಾಲು ತಾಸು ಮಾತಾಡಿದ್ರಿ ಅಕ್ಕಾರ."

"ಹೂನ್ರೀ."

"ಅಷ್ಟು ಹೊತ್ತು ಮಾತಾಡಿದ್ರೂ ನಿಮಗ ತಿಳೀಲಿಲ್ಲೇನ್ರೀ?"

ದ್ರಾಕ್ಷಾಯಿಣಿಗೆ ಒಮ್ಮೆಲೇ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

"ನನ್ನ ಕೂಡ ಐದು ನಿಮಿಷ ಮಾತಾಡ್ತಿದ್ಲು, ನನಗ ತಿಳೀಲಿಲ್ಲ, ಅದು ಬ್ಯಾರೆ," ಎಂದಳು ನೀಲವ್ವ. "ನಾ ಓದಿದಾಕಿ ಅಲ್ಲ. ನೀವು ಓದಿದೋರು. ಅದೇ ಊರಾಗ ಇದ್ರಿ. ಅವ್ವ ನೆನಪಾಗ್ತಾಳ ಅಂದ್ಲು, ಚಳಿ ಅಂದ್ಲು. ಕೂಸಿನ ದನ್ಯಾಗ ಏನೂ ತಿಳೀಲಿಲ್ಲೇನು? ಕಾರ್ ಐತಿ ನಿಮ್ಮಲ್ಲಿ. ಹೋಗಿ ಒಂದು ಸಲ ನೋಡ್ಕೊಂಡು ಬರಬೇಕಿತ್ತಲ್ರೀ. ನನಗೊಂದು ಫೋನ್ ಹಚ್ಚಬೇಕಿತ್ತಲ್ರೀ. ನಡುವ ಭಾನುವಾರ ಇತ್ತು."

ಈಗ ನಿಜ ಹೇಳಬಹುದಿತ್ತೇ? ಯವ್ವಾ, ಇಷ್ಟೊತ್ತು ಹೇಳಿದ್ದು ಸುಳ್ಳು, ನಾ ಮಾತಾಡೇ ಇಲ್ಲ ಎಂದರೆ ಯಾರು ನಂಬುತ್ತಾರೆ? ಸಿಕ್ಕಿಬಿದ್ದ ಮೇಲೆ ನುಣುಚಿಕೊಳ್ಳುವವರು ಎಲ್ಲರೂ ಹಾಗೇ ಅನ್ನುತ್ತಾರೆ. ಕೌದಿಯ ಮಾತು ಅವಳು ಹೇಳಿಯಾಗಿತ್ತು, ತಾಯಿ ಅದನ್ನು ಎದೆಗವಚಿಕೊಂಡಾಗಿತ್ತು. ಇನ್ನು ಈ ಜನ್ಮಕ್ಕೆ ಆ ಮನೆಯಲ್ಲಿ ದ್ರಾಕ್ಷಾಯಿಣಿ ಎಂದರೆ, ಸಾಯಲು ಹೊರಟ ಹುಡುಗಿಯ ಮಾತನ್ನು ಮುಕ್ಕಾಲು ತಾಸು ಕೇಳಿ, ಫೋನಿಟ್ಟು, ತನ್ನ ಕೆಲಸಕ್ಕೆ ಹೋದವಳು. ಯೋಚಿಸಿ ನೋಡಿದರೆ ಅದೇನು ದೊಡ್ಡ ಸುಳ್ಳೂ ಅಲ್ಲ ಎಂದು ಅವಳಿಗೆ ಅನಿಸಿತು.

ರುದ್ರಪ್ಪ ಫೋನ್ ಇಸಿದುಕೊಳ್ಳಲು ಕೈ ಚಾಚಿದ. ಅವಳು ಕೊಡಲಿಲ್ಲ.

"ನಾ ಬೈಯಾಕತ್ತಿಲ್ರೀ ಅಕ್ಕಾರ," ಎಂದಳು ನೀಲವ್ವ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ಕೇಳಾಕತ್ತೀನಿ ಅಷ್ಟ. ಯಾಕ ತಿಳೀಲಿಲ್ಲ ಹೇಳ್ರಿ."

ದ್ರಾಕ್ಷಾಯಿಣಿ ಬಾಯಿ ತೆರೆದಳು. ಗಜೇಂದ್ರಗಡದಲ್ಲಿ ನೀಲವ್ವ ಫೋನ್ ಇಡದೆ ಕಾಯುತ್ತಿದ್ದಳು.